ಬೆರಕೆ ಬಳ್ಳಿಯ ಬಿಳಿ ವೈನು

ನ್ಯೂಯಾರ್ಕ್ ರಾಜ್ಯ, ಸೆನೆಕಾ ಸರೋವರದ ದಂಡೆ. ಲೋಟದಲ್ಲಿ ಟ್ರಾಮಿನೆಟ್. ಮೂಗಿನ ಹತ್ತಿರ ತಂದರೆ ಸಾಕು, ಗುಲಾಬಿ. ಅದರ ಬೆನ್ನಿಗೇ ಒಂದಿಷ್ಟು ಮಸಾಲೆಯ ಘಮ. ಹುಳಿ ಚುರುಕಾಗಿದೆ. ಯುರೋಪಿನ ಗೆವುರ್ಜ್‌ಟ್ರಾಮಿನರ್ ಜತೆ ಫ್ರೆಂಚ್-ಅಮೆರಿಕನ್ ಹೈಬ್ರಿಡ್ ಒಂದನ್ನು ಬೆರೆಸಿ 1965ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಈ ತಳಿ ಮಾಡಿದ್ದು ತಿನ್ನುವ ಹಣ್ಣಿಗೆಂದು. ವೈನಿಗೇ ಒಪ್ಪುತ್ತದೆಂದು ಕಂಡುಕೊಂಡದ್ದು ಇದೇ ಸರೋವರದ ತುದಿಯ ಜಿನೀವಾದಲ್ಲಿರುವ ಕಾರ್ನೆಲ್ ಸಂಶೋಧನಾ ಕೇಂದ್ರ. 1996ರಲ್ಲಿ ಬೆಳೆಗಾರರಿಗೆ ಕೊಟ್ಟಿತು. ಆದರೂ ವೈನ್ ಬಲ್ಲವರು ಅನೇಕರು ‘ಓ, ಹೈಬ್ರಿಡ್ಡಾ’ ಎಂದು ಲೋಟ ಕೆಳಗಿಡುತ್ತಾರೆ. ಏಕೆ?

*

19ನೇ ಶತಮಾನದಲ್ಲಿ ಅಮೆರಿಕದಿಂದ ಹೋದ ಫಿಲಾಕ್ಸೆರಾ ಕೀಟ ಫ್ರಾನ್ಸಿನ ಬಳ್ಳಿಗಳ ಬೇರನ್ನೇ ಹಾಳುಮಾಡಿತು. ಉಳಿದ ದಾರಿ ಎರಡು: ಆ ಕೀಟವನ್ನು ತಾಳಬಲ್ಲ ಅಮೆರಿಕದ ಬೇರಿಗೆ ಯುರೋಪಿನ ಬಳ್ಳಿ ಕಸಿ ಕಟ್ಟುವುದು, ಇಲ್ಲವೇ ಎರಡನ್ನೂ ಬೆರೆಸಿ ಹೊಸ ತಳಿ ಎಬ್ಬಿಸುವುದು. ಕಸಿ ಕಟ್ಟಿದ ಶಾರ್ಡೊನೆ ಕುಲೀನವಾಗಿಯೇ ಉಳಿಯಿತು, ಬೆರಕೆಯದ್ದು ಪಂಕ್ತಿಯಿಂದ ಹೊರಗೆ ಕೂತಿತು. ಆಸರೆ ಎರಡಕ್ಕೂ ಅಮೆರಿಕದ ಬಳ್ಳಿಯದೇ ಅಲ್ಲವೆ?

*

ಹೈಬ್ರಿಡ್ ಮೇಲಿನ ಇನ್ನೊಂದು ತಕರಾರು ವಾಸನೆಯದು. ಅಮೆರಿಕದ ಲ್ಯಾಬ್ರುಸ್ಕಾ ದ್ರಾಕ್ಷಿಯಲ್ಲಿ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು ಇರುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿ ತಿಂದವರಿಗೆ ಆ ಘಮ ಗೊತ್ತು. ಮಲ್ಲಿಗೆಯ ಪರಿಮಳದಲ್ಲೂ ಈ ವಸ್ತುವಿದೆ. ಫ್ರಾನ್ಸ್ 1934ರಲ್ಲಿ ನಿಷೇಧಿಸಿದ ಆರು ತಳಿಗಳಲ್ಲಿ ನಮ್ಮ ನೀಲಿಯ ಹತ್ತಿರದ ಬಂಧು ಇಸಬೆಲ್ಲಾ ಕೂಡ ಒಂದು. ನಾವು ಆಸೆಪಟ್ಟು ತಿನ್ನುವ ಪರಿಮಳ ಅಲ್ಲಿ ದೋಷ! ಅದಿರಲಿ, ವಿಡಾಲ್, ಸೇವಾಲ್ ಬ್ಲಾಂ ಎಂಬ ಹೈಬ್ರಿಡ್‌ಗಳ ವೈನುಗಳಲ್ಲಿ ನನಗೆ ಆ ವಾಸನೆಯೇ ಸಿಕ್ಕಿಲ್ಲ. ಬಳ್ಳಿಯಲ್ಲೇ ಹೆಪ್ಪುಗಟ್ಟಿದ ವಿಡಾಲ್ ಹಣ್ಣಿನಿಂದ ಇನ್ನಿಸ್ಕಿಲಿನ್ ವೈನರಿ ಮಾಡಿದ ಕೆನಡಾದ ಐಸ್‌ವೈನ್ 1991ರಲ್ಲಿ ಬೋರ್ಡೊದ ವೈನ್ ಮೇಳ ವಿನ್‌ಎಕ್ಸ್‌ಪೋದಲ್ಲೇ ದೊಡ್ಡ ಪ್ರಶಸ್ತಿ ಗೆದ್ದಿತು.

*

ಹೈಬ್ರಿಡ್‌ಗಳಲ್ಲಿ ಬಿಳಿಯೇ ಏಕೆ ಮುಂದು? ಕೆಂಪು ವೈನಿಗೆ ಬೇಕಾದ ಟ್ಯಾನಿನ್ ಇವುಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಬಿಳಿಗೆ ಬೇಕಾದದ್ದು ಹುಳಿ, ಪರಿಮಳ; ಅವೆರಡೂ ಧಾರಾಳ. ಮಿನೆಸೋಟದ ಹೈಬ್ರಿಡ್ ಲಾ ಕ್ರೆಸೆಂಟ್‌ನಲ್ಲಿ ಹುಳಿ ಎಷ್ಟಿದೆಯೆಂದರೆ, ಅದನ್ನು ತೂಗಿಸಲು ವೈನಿನಲ್ಲಿ ಒಂದಿಷ್ಟು ಸಿಹಿ ಉಳಿಸಿಕೊಳ್ಳುವವರೇ ಹೆಚ್ಚು. ಏಪ್ರಿಕಾಟ್ ಪರಿಮಳ ಆಗ ಚೆನ್ನಾಗಿ ಅರಳುತ್ತದೆ.

*

ಯುರೋಪ್ ಒಕ್ಕೂಟ 2021ರಲ್ಲಿ ನಿಯಮ ಸಡಿಲಿಸಿ, ಪ್ರದೇಶದ ಹೆಸರು ಹೊತ್ತ ವೈನುಗಳಿಗೂ ಹೈಬ್ರಿಡ್ ದ್ರಾಕ್ಷಿ ಬಳಸಲು ದಾರಿ ತೆರೆಯಿತು. ಕಾನೂನು ಬದಲಾಗಿದೆ, ಕುಡಿಯುವವರ ಮನಸ್ಸು ಇನ್ನೂ ಬದಲಾಗಬೇಕಿದೆ. ಹೈಬ್ರಿಡ್ ಬಿಳಿ ವೈನು ಸಿಕ್ಕರೆ ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿಯಬೇಡಿ; ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ. ಶಾರ್ಡೊನೆಯ ರುಚಿಯನ್ನು ಇದರಲ್ಲಿ ಹುಡುಕಬೇಡಿ. ಲೇಬಲ್ ಮುಚ್ಚಿಟ್ಟು ಸವಿದು ನೋಡಿ, ತೀರ್ಪು ಆಮೇಲೆ ಕೊಡಿ.