ಒಂದು ಈಡಿನ ಮದ್ದು

ನಲ್ಲೂರಿನ ಸುತ್ತ ಈಗ ಎತ್ತ ನೋಡಿದರೂ ಅಡಿಕೆ. ನಾನು ಹುಡುಗನಾಗಿದ್ದಾಗ ಜೋಳ, ರಾಗಿ, ಹತ್ತಿ. ಭದ್ರಾ ನಾಲೆಯ ನೀರು ಹತ್ತಿದ ಕಡೆ ಭತ್ತ, ಕಬ್ಬು. ನಮ್ಮ ಚನ್ನಗಿರಿ ತಾಲ್ಲೂಕು ಆಗಿನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆಗೆ ಸೇರಿದ್ದು 1997ರಲ್ಲಿ. ಗುಡ್ಡದಿಂದ ಹಂದಿ ಹಿಂಡು ಇಳಿದರೆ ಬೆಳಗಾಗುವಷ್ಟರಲ್ಲಿ ಹೊಲ ನೇಗಿಲು ಹೊಡೆದ ಹಾಗಾಗುತ್ತಿತ್ತು. ಅದಕ್ಕಾಗಿಯೇ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿಗಳು ಕೆಲವು ಮನೆಗಳಲ್ಲಿದ್ದವು. ನಮ್ಮ ದೊಡ್ಡಪ್ಪನ ಬಳಿಯೂ ಒಂದಿತ್ತು.

ದೊಡ್ಡಪ್ಪ ಈಡು ತುಂಬುವಾಗ ಯಾರೂ ಮಾತಾಡುವಂತಿರಲಿಲ್ಲ. ಮೊದಲು ಈಡು ಜಡಿಯುವ ಗಜವನ್ನು ನಳಿಗೆಗೆ ಇಳಿಸಿ ನೋಡುತ್ತಿದ್ದರು. ಗಜದ ಮೇಲೆ ಚಾಕುವಿನಲ್ಲಿ ಕೊರೆದ ಒಂದು ಗೀರು ಇತ್ತು. ಆ ಗೀರು ನಳಿಗೆಯ ಬಾಯಿಗೆ ಸಮವಾಗಿ ನಿಂತರೆ ಒಳಗೆ ಹಳೆಯ ಈಡು ಉಳಿದಿಲ್ಲವೆಂದು ಅರ್ಥ. ಆಮೇಲೆ ಬಿದಿರಿನ ಅಳತೆಯಲ್ಲಿ ಮದ್ದು, ಅದರ ಮೇಲೆ ಕತ್ತದ ನಾರು, ಗಜದಿಂದ ಹದವಾಗಿ ಜಡಿಯುವುದು, ಚರೆ ಅಥವಾ ಒಂಟಿ ಗುಂಡು, ಮತ್ತೆ ನಾರು. ಕಿಡಿ ಹೊತ್ತಿಸುವ ಕೇಪನ್ನು ಮಾತ್ರ ಮನೆಯಲ್ಲಿ ಹಾಕುತ್ತಿರಲಿಲ್ಲ; ಹೊಲದ ಅಟ್ಟಣೆ ಹತ್ತಿ ಕೂತ ಮೇಲೆಯೇ.

ಮದ್ದನ್ನು ಅವರು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಸಣ್ಣ ಕಾಳಿನದು ಬೇಗ ಉರಿಯುತ್ತದೆ, ದಪ್ಪ ಕಾಳಿನದು ನಿಧಾನ. ಮಳೆಗಾಲದಲ್ಲಿ ತೇವ ಹಿಡಿದರೆ ಎರಡರ ಲೆಕ್ಕವೂ ತಪ್ಪುತ್ತದೆ. ಅಳತೆಯ ವಿಷಯದಲ್ಲಿ ಅವರದು ಒಂದೇ ಮಾತು: ಗುಂಡಿನ ಭಾರ ಹೆಚ್ಚಿಸಿದರೆ ಮದ್ದು ಇಳಿಸು. ಹೊಸಬರು ಇದರ ತಿರುವುಮುರುವು ಮಾಡುತ್ತಿದ್ದರು, ದೊಡ್ಡ ಗುಂಡಿಗೆ ದೊಡ್ಡ ಮುಷ್ಟಿ ಮದ್ದು. ಹಾಗೆ ಮಾಡಿದರೆ ಚರೆ ಚದುರಿ ಗುರಿ ಕೆಡುತ್ತದೆ, ಕೋವಿ ಹೆಗಲಿಗೆ ಒದೆಯುತ್ತದೆ, ಕೊನೆಗೊಂದು ದಿನ ನಳಿಗೆಯೇ ಸೀಳುತ್ತದೆ. ಪಕ್ಕದ ಊರಿನ ಒಬ್ಬರು ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ತುಂಬಿ ಎಡಗೈಯ ಬೆರಳುಗಳನ್ನು ಕಳೆದುಕೊಂಡಿದ್ದರು. ಆ ಕೈಯನ್ನು ನಾನು ಕಂಡಿದ್ದೇನೆ. ಕರಿಮದ್ದಿಗೆಂದು ಮಾಡಿದ ನಳಿಗೆ ಆ ಒತ್ತಡವನ್ನು ತಾಳುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತು ನಿಂತಿತು. ಅದು ಸರಿಯಾದದ್ದೇ. ಕೋವಿ ಹೆದರಿಸುವುದಕ್ಕಷ್ಟೇ ಉಳಿಯಿತು. ಅನುಕೂಲವಿದ್ದವರು ತೋಟಾ ಕೋವಿ ತಂದರು. ಸರ್ಕಾರಿ ಕಾರ್ಖಾನೆಯ ಶಕ್ತಿಮಾನ್ ತೋಟಾ ಪೆಟ್ಟಿಗೆಯ ಮೇಲೆ ಚರೆಯ ನಂಬರ್ ಅಚ್ಚಾಗಿರುತ್ತಿತ್ತು. ಎಲ್‌ಜಿ, ಎಸ್‌ಜಿ, ನಾಲ್ಕನೇ ನಂಬರ್ ಎಂದು ಅಂಗಡಿಯಲ್ಲಿ ಕೇಳಿದರೆ ಸಾಕು, ಮದ್ದಿನ ಚಿಂತೆ ಕಾರ್ಖಾನೆಯವರದು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಯ್ದು ಜಮಾ ಮಾಡಬೇಕಿತ್ತು, ಲೈಸೆನ್ಸ್ ನವೀಕರಿಸಲು ಓಡಾಡಬೇಕಿತ್ತು. ಇಷ್ಟರ ಮಧ್ಯೆ ಸೋಲಾರ್ ಬೇಲಿ ಬಂತು. ಹಳಬರು ತೀರಿಕೊಂಡರು, ಮಕ್ಕಳು ಲೈಸೆನ್ಸ್ ಮುಂದುವರಿಸಲಿಲ್ಲ. ಬಿದಿರಿನ ಅಳತೆ ನಮ್ಮ ಮನೆಯಲ್ಲಿ ಯಾವಾಗ ಕಳೆದುಹೋಯಿತೋ ಯಾರಿಗೂ ತಿಳಿಯದು.

ಆ ಲೆಕ್ಕವನ್ನು ನಾನು ಮತ್ತೆ ಕಂಡದ್ದು ಅಮೆರಿಕದಲ್ಲಿ, ಅಣ್ಣನ ಮಗನ ಗ್ಯಾರೇಜಿನಲ್ಲಿ. ಅವನು ಪಿಸ್ತೂಲ್ ಸ್ಪರ್ಧೆಗಳಿಗೆ ಹೋಗುತ್ತಾನೆ, ತನ್ನ 9 ಎಂಎಂ ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತಾನೆ. ಅಲ್ಲಿ ಅದಕ್ಕೆ ಅವಕಾಶವಿದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಲೈಸೆನ್ಸ್ ಬೇಕು. ಅವನ ಸ್ಪರ್ಧೆಗಳಲ್ಲಿ ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಹಿಡಿದು ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. ಕೆಳಗಿನ ದರ್ಜೆಗೂ 125 ಬರಲೇಬೇಕು. 115 ಗ್ರೇನ್ ಗುಂಡಾದರೆ ಸುಮಾರು 1,087 ಅಡಿ ವೇಗ ಬೇಕು, 147 ಗ್ರೇನ್ ಗುಂಡಿಗೆ 851 ಸಾಕು.

ಎರಡಕ್ಕೂ ಗುಣಲಬ್ಧ ಒಂದೇ ಆದ ಮೇಲೆ ಕೈಗೆ ಒದೆತವೂ ಒಂದೇ ಆಗಬೇಕಲ್ಲ ಎಂದು ಕೇಳಿದೆ. ಗುಂಡಿನಿಂದ ಬರುವ ಒದೆತ ಒಂದೇ, ಆದರೆ ಮದ್ದು ಉರಿದು ಹೊರಡುವ ಅನಿಲಕ್ಕೂ ತೂಕವಿದೆ ಎಂದ. ಭಾರದ ಗುಂಡಿಗೆ ಕಡಿಮೆ ಮದ್ದು ಸಾಕು, ಹಾಗಾಗಿ ಪಿಸ್ತೂಲ್ ಮೇಲೆ ಎಗರುವುದು ಕಡಿಮೆ, ಮುಂದಿನ ಗುರಿ ಬೇಗ ಸಿಗುತ್ತದೆ. ಬೇಗ ಉರಿಯುವ ಮದ್ದನ್ನೇ ಆರಿಸುವುದೂ ಅದಕ್ಕೇ. ದೊಡ್ಡಪ್ಪನ ಮಾತೇ ಇದು. ಅವರು ಗುಣಾಕಾರ ಮಾಡಿರಲಿಲ್ಲ, ಅಷ್ಟೇ.

ಆ ಆಯ್ಕೆಗೆ ಅಪಾಯವೂ ಇದೆ. ಬೇಗ ಉರಿಯುವ ಮದ್ದು ತೋಟಾದ ತಳದಲ್ಲಿ ಚೂರೇ ಇರುತ್ತದೆ. ಮರೆತು ಎರಡು ಸಲ ಸುರಿದರೂ ತುಳುಕುವುದಿಲ್ಲ, ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಅವನು ಗುಂಡು ಕೂರಿಸುವ ಮೊದಲು ಪ್ರತಿ ತೋಟಾದೊಳಗೂ ಪುಟ್ಟ ದೀಪ ಹಿಡಿದು ಇಣುಕುತ್ತಿದ್ದ. ಅಂದಾಜಿಗಿಂತ ತಕ್ಕಡಿ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಕ್ಕಡಿ ಇದ್ದರೂ ಕಣ್ಣಿನಿಂದ ನೋಡಿಯೇ ಮುಂದುವರಿಯುವವನನ್ನು ಮಾತ್ರ ನಾನು ನಂಬುತ್ತೇನೆ.

ನಮ್ಮ ರಾಜ್ಯದ ಸ್ಪರ್ಧಾಳುಗಳಿಗೆ ಬಹುಮಟ್ಟಿಗೆ ಕಾರ್ಖಾನೆಯ ಗುಂಡೇ ಗತಿ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ, ಅದಕ್ಕೆ ಮದ್ದೇ ಬೇಡ. 50 ಮೀಟರ್ ಪಿಸ್ತೂಲಿನದು .22 ತೋಟಾ. ಅದರ ಸಿಡಿಮದ್ದು ಅಂಚಿನೊಳಗೇ ಇರುವುದರಿಂದ ಮತ್ತೆ ತುಂಬಿಕೊಳ್ಳುವ ಮಾತೇ ಇಲ್ಲ. ಒಂದೇ ಕಂಪನಿಯದಾದರೂ ಬೇರೆ ಬೇರೆ ಲಾಟ್‌ಗಳನ್ನು ಹೊಡೆದು ನೋಡಿ, ತಮ್ಮ ನಳಿಗೆಗೆ ಒಗ್ಗಿದ್ದನ್ನು ಇಟ್ಟುಕೊಳ್ಳುವುದೇ ಅಲ್ಲಿನ ಆಯ್ಕೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮನೆಗಳ ಅಟ್ಟದ ಮೇಲೆ ಹಿರಿಯರ ಕೇಪಿನ ಕೋವಿ ಇನ್ನೂ ಇದ್ದರೆ ಒಂದು ಮಾತು. ಅದರಲ್ಲಿ ಹಳೆಯ ಈಡು ಉಳಿದಿರಬಹುದು, ನೀವೇ ಕೆದಕಬೇಡಿ. ಲೈಸೆನ್ಸ್ ಇದ್ದವರು ತೀರಿಕೊಂಡಿದ್ದರೆ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ಅದನ್ನು ತುಂಬುತ್ತಿದ್ದ ಹಿರಿಯರು ಯಾರಾದರೂ ಇನ್ನೂ ಇದ್ದರೆ, ಅವರ ಪಕ್ಕ ಕೂತು ಅಳತೆಯ ಲೆಕ್ಕ ಹೇಗಿತ್ತೆಂದು ಕೇಳಿ ಬರೆದಿಡಿ.