ಗಾಡಿ ‘ಟಕ್’ ಅಂದಾಗ

ನಮ್ಮ ಪಿಕಪ್ ಎರಡು ತಿಂಗಳಿಂದ ‘ಟಕ್’ ಅಂತ ಹೇಳುತ್ತಲೇ ಇತ್ತು. ರಿವರ್ಸಿನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಒಂದು ಟಕ್. ಹಂಪ್ ದಾಟಿ ಆಕ್ಸಿಲರೇಟರ್ ಒತ್ತಿದರೆ ಇನ್ನೊಂದು. ನಾವು ಅಣ್ಣ ತಮ್ಮ ಇಬ್ಬರೂ ಪಾಟಿನ ಸೌಂಡ್ ಜಾಸ್ತಿ ಮಾಡಿಕೊಂಡು ಓಡಿಸಿದೆವು. ಅಪ್ಪ ಮಾತ್ರ, ‘ಏನ್ರೋ ಅದು, ಗಾಡಿ ಹಲ್ಲು ಕಡೀತೈತೆ?’ ಅಂತ ಎರಡು ಸಲ ಕೇಳಿದ್ದರು.

ಜುಲೈ ತಿಂಗಳು, ಟೊಮೆಟೊ ಸೀಸನ್ನು. ಮುಳಬಾಗಿಲು ಕಡೆಯಿಂದ ಕೋಲಾರದ ಮಂಡಿಗೆ 15 ಕೆಜಿಯ 100 ಬಾಕ್ಸ್ ತುಂಬಿಕೊಂಡು ಕತ್ತಲಲ್ಲೇ ಹೊರಟಿದ್ದೆವು. ಊರಾಚೆಯ ಏರಿನಲ್ಲಿ ಧಡ್ ಅಂತ ಶಬ್ದ. ಇಂಜಿನ್ ಕೂಗುತ್ತಿದೆ, ಗಾಡಿ ಮುಂದಕ್ಕೆ ಹೋಗುತ್ತಿಲ್ಲ, ಮೆಲ್ಲಗೆ ಹಿಂದಕ್ಕೆ ಜಾರುತ್ತಿದೆ. ಗೇರಲ್ಲಿ ನಿಲ್ಲಿಸೋಣ ಅಂದರೆ ಗೇರಿಗೂ ಚಕ್ರಕ್ಕೂ ಸಂಬಂಧವೇ ತಪ್ಪಿಹೋಗಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಟ್ಟೆವು. ಟಾರ್ಚ್ ಬಿಟ್ಟು ನೋಡಿದರೆ ಜಾಯಿಂಟ್ ಶಾಫ್ಟಿನ ಹಿಂದಿನ ತುದಿ ರಸ್ತೆ ಮೇಲೆ ಮಲಗಿತ್ತು.

ಪಕ್ಕದೂರಿನವರ ಟ್ರ್ಯಾಕ್ಟರ್ ಕರೆಸಿ ಬಾಕ್ಸ್ ಬದಲಾಯಿಸಿ ಮಂಡಿಗೆ ಹೋಗುವಷ್ಟರಲ್ಲಿ ಒಳ್ಳೆ ರೇಟಿನ ಹರಾಜು ಮುಗಿದಿತ್ತು. ಆ ತಿಂಗಳ ಗಾಡಿ ಕಂತು ಕಟ್ಟಲು ಅಮ್ಮನ ಸಂಘದ ದುಡ್ಡು ಕೇಳಬೇಕಾಯಿತು. ಅದನ್ನು ಹೆಚ್ಚು ಬರೆಯುವುದಿಲ್ಲ.

ಮೇಸ್ತ್ರಿ ಮುರಿದ ಕ್ರಾಸ್ ಅಂಗೈಯಲ್ಲಿ ಇಟ್ಟು ತೋರಿಸಿದರು. ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಹೋಗುವ ಶಾಫ್ಟು ಗುಂಡಿ ಬಂದಾಗಲೆಲ್ಲ ಮೇಲೆ ಕೆಳಗೆ ಬಾಗಬೇಕು, ಬಾಗುತ್ತಲೇ ತಿರುಗಬೇಕು. ಅದಕ್ಕೆ ಈ ಕೂಡು ಗುರುತಿನಂಥ ಕಬ್ಬಿಣ. ನಾಲ್ಕು ತುದಿಗೂ ಒಂದೊಂದು ಕಪ್, ಕಪ್ಪಿನೊಳಗೆ ಸೂಜಿಯಂಥ ಬೇರಿಂಗು. ನಮ್ಮದರಲ್ಲಿ ಗ್ರೀಸ್ ಇರಲೇ ಇಲ್ಲ, ಇಟ್ಟಿಗೆ ಪುಡಿಯಂಥ ಕೆಂಪು ತುಕ್ಕು ಇತ್ತು. ನೀರು ಹೋಗಿತ್ತು. ಕೆರೆ ಕೋಡಿಯಲ್ಲಿ ಗಾಡಿ ಇಳಿಸುವವರೂ ನಾವೇ, ಜೋರು ಪೈಪಲ್ಲಿ ಅಡಿಭಾಗ ತೊಳೆಸುವವರೂ ನಾವೇ. ತೊಳೆಸಿದ ಮೇಲೆ ಗ್ರೀಸ್ ಹೊಡೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ‘ಹಿಂದಿನ ತುದಿ ಬಿತ್ತು, ಬಚಾವಾದ್ರಿ. ಮುಂದಿನದು ಬಿದ್ದಿದ್ರೆ ನೆಲಕ್ಕೆ ನಾಟ್ಕೊಂಡು ಗಾಡೀನೇ ಎತ್ತಿ ಹಾಕೋದು’ ಅಂದರು. ಆ ದಿನದ ರೇಟಲ್ಲೂ ಒಂದು ಕ್ರಾಸಿನ ಬೆಲೆ ಮೂರು ನಾಲ್ಕು ಬಾಕ್ಸ್ ಟೊಮೆಟೊ ಅಷ್ಟೇ.

ಈಗ ನಾವು ನೋಡುವ ರೀತಿ ಹೇಳುತ್ತೇವೆ. ಮಟ್ಟವಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ನ್ಯೂಟ್ರಲ್ ಮಾಡಿ. ಕೆಳಗೆ ಮಲಗಿ ಕ್ರಾಸಿನ ಆಚೆ ಈಚೆ ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಹಿಂಡುವ ಹಾಗೆ ವಿರುದ್ಧ ದಿಕ್ಕಿಗೆ ತಿರುಚಿ. ಕ್ರಾಸಿನಲ್ಲಿ ಆಟ ಕಂಡರೆ ಅದು ಮುಗಿಯಿತು, ಗ್ರೀಸ್ ಹೊಡೆದು ಉಳಿಸಲಾಗದು. ಕಪ್ಪಿನ ಸುತ್ತ ಕೆಂಪು ಪುಡಿ ಕಂಡರೂ ಅಷ್ಟೇ. ಆಟವಿಲ್ಲದೆ ಮೆಲ್ಲಗೆ ಹೋಗುವಾಗ ಕೀಚ್ ಕೀಚ್ ಅನ್ನುತ್ತಿದ್ದರೆ ಇನ್ನೂ ಸಮಯ ಇದೆ ಅಂತ ಇಟ್ಟುಕೊಳ್ಳಬಹುದು. ನಿಪ್ಪಲ್ ಒರೆಸಿ (ಒರೆಸದಿದ್ದರೆ ಮಣ್ಣನ್ನೂ ಒಳಗೆ ತಳ್ಳಿದ ಹಾಗೆ) ನಾಲ್ಕೂ ಕಪ್ಪಿನಿಂದ ಹಳೆ ಗ್ರೀಸ್ ಈಚೆ ಬರುವವರೆಗೆ ಹೊಡೆಯಿರಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ಮುಂದೆ ಕೈಕೊಡುವುದು. ಉದ್ದ ಹೆಚ್ಚು ಕಮ್ಮಿಯಾಗುವ ಜಾಗಕ್ಕೂ ಗ್ರೀಸ್ ಬೇಕು, ಫ್ಲಾಂಜ್ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಬೇಕು. ಕೆಲವು ಗಾಡಿಯ ಕ್ರಾಸಿಗೆ ನಿಪ್ಪಲ್ಲೇ ಇರುವುದಿಲ್ಲ. ಅಂಥದ್ದಕ್ಕೆ ತಿರುಚಿ ನೋಡುವುದೊಂದೇ ದಾರಿ.

ಇನ್ನೊಂದು ಪಾಠ ಆಮೇಲೆ ಬಂತು. ಹೊಸ ಕ್ರಾಸ್ ಹಾಕಿದ ಮೇಲೆ ಟಕ್ ಹೋಯಿತು, 50ರ ಸ್ಪೀಡಿಗೆ ಸೀಟೇ ನಡುಗತೊಡಗಿತು. ಬಿಚ್ಚುವಾಗ ಗುರುತು ಹಾಕದೆ ಶಾಫ್ಟನ್ನು ಬೇರೆ ಹಲ್ಲಿಗೆ ಕೂರಿಸಿದ್ದರು. ಎರಡೂ ತುದಿಯ ಕವಲು ಒಂದೇ ನೇರಕ್ಕಿರಬೇಕಂತೆ. ಮತ್ತೆ ಬಿಚ್ಚಿಸಿ ಕೂರಿಸಿದ ಮೇಲೆ ಸರಿಹೋಯಿತು. ಈಗ ಯಾರು ಬಿಚ್ಚಿದರೂ ಮೊದಲು ಬಿಳಿ ಪೇಂಟಲ್ಲಿ ಗೀಟು ಎಳೆಯುತ್ತೇವೆ. ಮೇಸ್ತ್ರಿಗೆ ಬೇಜಾರಾದರೂ ಪರವಾಗಿಲ್ಲ.

ಗ್ರೀಸ್ ಗನ್ನು ಕೊಟ್ಟಿಗೆಯಲ್ಲಿ ಕುಡುಗೋಲಿನ ಪಕ್ಕ ನೇತಾಡುತ್ತಿದೆ. ಮೊನ್ನೆ ಗಾಡಿ ಮತ್ತೆ ಸದ್ದು ಮಾಡಿತು. ನಾವು ಏಳುವ ಮೊದಲೇ ಅಪ್ಪ ಗೋಣಿಚೀಲ ಹಾಸಿಕೊಂಡು ಕೆಳಗೆ ಸೇರಿದ್ದರು. ಕ್ರಾಸ್ ಗಟ್ಟಿಯಿತ್ತು, ಸವೆದಿದ್ದು ಕಟ್ಟೆಯ ಬುಷ್. ‘ಇದು ಬೇರೆ ಸದ್ದು ಕಣ್ರೋ’ ಅಂದರು, ಒಳಗಿನಿಂದಲೇ.