ಒಂದು ಗಣಕ, ಎರಡು ಸಂಸಾರ

ಮೊಮ್ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವ ಹೊಣೆ ಈ ಸಲ ನನ್ನ ಪಾಲಿಗೆ ಬಂದಿತು. ಆಕೆ ಮೈಸೂರಿನಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದೂಕಾಲು ಲಕ್ಷ ರೂಪಾಯಿಯನ್ನು ಅವಳ ವಿದ್ಯಾಭ್ಯಾಸಕ್ಕೆಂದೇ ತೆಗೆದಿರಿಸಿದ್ದೆ. ಅದನ್ನು ಮೀರುವಂತಿರಲಿಲ್ಲ, ಕೊಂಡ ಯಂತ್ರ ಅವಳ ಓದು ಮುಗಿಯುವವರೆಗೂ ಬಾಳಬೇಕಿತ್ತು. ಅವಳ ಬೇಡಿಕೆ ಎರಡು: ಅದರಲ್ಲಿ ಆಟಗಳು ಚೆನ್ನಾಗಿ ಓಡಬೇಕು, ಕಾಲೇಜಿನ ಪ್ರಯೋಗಾಲಯದಲ್ಲಿರುವಂತೆ ಲಿನಕ್ಸ್ ಕೂಡ ಓಡಬೇಕು.

'ಗೇಮಿಂಗ್ ಲ್ಯಾಪ್‌ಟಾಪ್' ಎಂಬ ಮಾತು ಕಿವಿಗೆ ಬಿದ್ದೊಡನೆ ಅಳಿಯಂದಿರು ಹುಬ್ಬು ಗಂಟಿಕ್ಕಿದರು. "ಇದು ಓದುವುದಕ್ಕೋ ಆಡುವುದಕ್ಕೋ, ಮಾವ?" ಎಂದರು. ತಂದೆಯಾದವರು ಕೇಳಬೇಕಾದ ಪ್ರಶ್ನೆಯೇ. ಆದರೆ ಆಟದ ದೃಶ್ಯಗಳನ್ನು ಮೂಡಿಸುವ ಗ್ರಾಫಿಕ್ಸ್ ಚಿಪ್ಪು ಒಂದೇ ಬಗೆಯ ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವ ಯಂತ್ರ. ಆಟದ ಬೆಟ್ಟಗುಡ್ಡಗಳನ್ನು ಬಿಡಿಸುವುದೂ ಮಾತೃಕೆಗಳ ಗುಣಾಕಾರದಿಂದಲೇ, ಗಣಕಕ್ಕೆ ಚಿತ್ರಗಳನ್ನು ಗುರುತಿಸಲು ಕಲಿಸುವುದೂ ಅದರಿಂದಲೇ. ಎನ್‌ವಿಡಿಯಾ ಕಂಪನಿ 2007ರಲ್ಲಿ ಕುಡಾ ಎಂಬ ತಂತ್ರಾಂಶವನ್ನು ಹೊರತಂದ ಮೇಲೆ ಆಟದ ಚಿಪ್ಪು ಪ್ರಯೋಗಾಲಯದ ಉಪಕರಣವೂ ಆಯಿತು. ಇಷ್ಟನ್ನು ವಿವರಿಸಿದ ಮೇಲೆ ಅವರು ಒಪ್ಪಿದರು. ಒಪ್ಪಿದರೆಂಬುದಕ್ಕಿಂತ ಸುಮ್ಮನಾದರು ಎನ್ನುವುದು ಸರಿ.

ನನಗೆ ಲಿನಕ್ಸ್ ಹೊಸದಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನನ್ನ ಹಳೆಯ ಗಣಕ ವಿಂಡೋಸ್ 11ಕ್ಕೆ ಅರ್ಹವಲ್ಲವೆಂದು ತಿಳಿದಾಗ, ಹಳೆಯ ವಿದ್ಯಾರ್ಥಿಯೊಬ್ಬ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರಲ್ಲಿಯೂ ಇದ್ದುದರಿಂದ ನುಡಿಯಲ್ಲಿ ಪಳಗಿದ ನನ್ನ ಬೆರಳುಗಳಿಗೆ ಬದಲಾವಣೆಯೇ ತಿಳಿಯಲಿಲ್ಲ. ಹಾಗಾಗಿ ಲಿನಕ್ಸ್ ಒಂದೇ ಸಾಲದೇ ಎಂದು ಮೊಮ್ಮಗಳನ್ನು ಕೇಳಿದೆ. ಸಾಕು ಎನ್ನಲು ಕಾರಣವೂ ಇತ್ತು. 1993ರಲ್ಲಿ ಆರಂಭವಾದ ವೈನ್ ಯೋಜನೆಯ ಆಧಾರದ ಮೇಲೆ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಎಂಬ ತಂತ್ರಾಂಶವನ್ನು ಹೊರತಂದಿತು. ವಿಂಡೋಸಿಗೆಂದು ಬರೆದ ಬಹಳಷ್ಟು ಆಟಗಳು ಅದರ ನೆರವಿನಿಂದ ಲಿನಕ್ಸಿನಲ್ಲಿ ಓಡುತ್ತವೆ. ಅದೇ ಕಂಪನಿಯ ಸ್ಟೀಮ್ ಡೆಕ್ ಎಂಬ ಕೈಹಿಡಿ ಆಟದ ಯಂತ್ರ 2022ರಲ್ಲಿ ಬಂದದ್ದೇ ಲಿನಕ್ಸ್ ಹೊತ್ತು.

"ವ್ಯಾಲೊರಂಟ್ ಓಡಲ್ಲ, ತಾತ" ಎಂದಳು.

ಅದು ಐದೈದು ಮಂದಿಯ ಎರಡು ತಂಡಗಳು ಆಡುವ ಆಟ. ಮೋಸ ತಡೆಯಲೆಂದು ಅದರೊಡನೆ ಬರುವ ವ್ಯಾನ್‌ಗಾರ್ಡ್ ಎಂಬ ಕಾವಲುಗಾರ ತಂತ್ರಾಂಶ ವಿಂಡೋಸಿನ ತಿರುಳಿಗೇ ಇಳಿದು ಕುಳಿತುಕೊಳ್ಳುತ್ತದೆ. ಲಿನಕ್ಸಿನಲ್ಲಿ ಅದಕ್ಕೆ ನೆಲೆಯಿಲ್ಲ. ಬೇರೆ ಆಟ ಆಡಬಾರದೇ ಎಂದು ಕೇಳುವುದು ಸುಲಭ. ಅವಳ ಜೊತೆ ಎಸ್ಸೆಸ್ಸೆಲ್ಸಿ ಓದಿದ ಗೆಳತಿಯರಲ್ಲಿ ಒಬ್ಬಳು ಪುಣೆಯಲ್ಲಿದ್ದಾಳೆ, ಒಬ್ಬಳು ಹುಬ್ಬಳ್ಳಿಯಲ್ಲಿ, ಇನ್ನಿಬ್ಬರು ಬೆಂಗಳೂರಿನ ಎರಡು ಕೊನೆಗಳಲ್ಲಿ. ಶನಿವಾರ ರಾತ್ರಿ ಒಂಬತ್ತಕ್ಕೆ ಐವರೂ ಸೇರುವುದು ಈ ಆಟದಲ್ಲಿ. "ನಿಮಗೆ ಅರಳಿಕಟ್ಟೆ ಇತ್ತಲ್ಲ, ಹಾಗೆ" ಎಂದಳು. ಹಾಸ್ಟೆಲಿಗೆ ಹೋದ ಮೊದಲ ವರ್ಷ ಈ ಹುಡುಗಿ ಎಷ್ಟು ಸೊರಗಿದ್ದಳೆಂಬುದು ನನಗೂ ನನ್ನ ಹೆಂಡತಿಗೂ ಗೊತ್ತು. ವಿಂಡೋಸ್ ಇರಲೆಂದು ಅಲ್ಲಿಯೇ ತೀರ್ಮಾನವಾಯಿತು.

ಒಂದೇ ಗಣಕದಲ್ಲಿ ಎರಡು ಸಂಸಾರ ಹೂಡುವಾಗ ಜಾಹೀರಾತಿನ ದಪ್ಪಕ್ಷರಗಳಿಂದ ಪ್ರಯೋಜನ ಕಡಿಮೆ. ಅಂಗಡಿಯವರು ಗ್ರಾಫಿಕ್ಸ್ ಚಿಪ್ಪಿನ ಹೆಸರನ್ನಷ್ಟೇ ಹೇಳುತ್ತಾರೆ. ಎಷ್ಟು ವಾಟ್ ಎಂದು ಹೇಳುವುದಿಲ್ಲ. ಉದಾಹರಣೆಗೆ, ಲ್ಯಾಪ್‌ಟಾಪುಗಳಿಗೆಂದು ಬಂದ ಆರ್‌ಟಿಎಕ್ಸ್ 4060 ಚಿಪ್ಪಿಗೆ 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟು ಬೇಕಾದರೂ ಶಕ್ತಿಯನ್ನು ಗೊತ್ತುಪಡಿಸಲು ತಯಾರಕರಿಗೆ ಅವಕಾಶವಿದೆ. ಹೆಸರು ಒಂದೇ, ದುಡಿಮೆ ಬೇರೆ. ಮೂವತ್ತು ವರ್ಷ ಭೌತಶಾಸ್ತ್ರ ಬೋಧಿಸಿದ ನನಗೆ ಈ ಒಂದು ಸಂಖ್ಯೆಯನ್ನು ಕೇಳದೆ ಹಣ ಕೊಡುವುದು ಸಾಧ್ಯವೇ ಇರಲಿಲ್ಲ. ಕೇಳಿದಾಗ ಒಂದು ಮಳಿಗೆಯ ಹುಡುಗ, "ಸರ್, ಚಾರ್ಜರ್ ದೊಡ್ಡದೇ ಇದೆ" ಎಂದ!

ಚಿಪ್ಪಿನ ಕಂಪನಿಯ ಪ್ರಶ್ನೆಯೂ ಇತ್ತು. ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಎನ್‌ವಿಡಿಯಾ ಕಂಪನಿಗೆ ಬೆರಳೆತ್ತಿ ಬೈದದ್ದು ಪ್ರಸಿದ್ಧ. ತನ್ನ ಚಿಪ್ಪುಗಳನ್ನು ನಡೆಸುವ ತಂತ್ರಾಂಶವನ್ನು ಅದು ಗುಟ್ಟಾಗಿಟ್ಟುಕೊಂಡಿತ್ತು. 2022ರ ಮೇ ತಿಂಗಳಲ್ಲಿ ಅದರ ಒಂದು ಭಾಗವನ್ನು ಬಹಿರಂಗಪಡಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಎಎಮ್‌ಡಿ ಚಿಪ್ಪಿನ ಚಾಲಕ ಲಿನಕ್ಸಿನೊಳಗೇ ಸೇರಿರುವುದರಿಂದ ನನಗೆ ಅದೇ ಹೆಚ್ಚು ಇಷ್ಟ. ಆದರೆ ನಮ್ಮ ಹಣಕ್ಕೆ ಎಎಮ್‌ಡಿಯ ಪ್ರತ್ಯೇಕ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ಸಿಗಲಿಲ್ಲ, ಅವಳ ಪಾಠಕ್ಕೆ ಕುಡಾ ಬೇರೆ ಬೇಕಿತ್ತು. ಎನ್‌ವಿಡಿಯಾವೇ ಆಯಿತು.

ನನ್ನ ತಂದೆ ಚುಂಚನಕಟ್ಟೆಯ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಲಿನಕ್ಸಿನಲ್ಲಿಯೂ ಅಂಥ ಅನುಕೂಲವಿದೆ. ಉಬುಂಟುವನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಹೋದರೆ ಗಣಕದೊಳಗೆ ಏನನ್ನೂ ಬರೆಯದೆ ಅದನ್ನು ನಡೆಸಿ ನೋಡಬಹುದು. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಪರದೆಯ ಬೆಳಕು ಕೀಲಿಯ ಮಾತು ಕೇಳುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ, ಇಷ್ಟು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಹಾಸನದಲ್ಲಿ ಇದಕ್ಕೆ ಯಾರೂ ಒಪ್ಪದೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಲ್ಲಿಯೂ ಎರಡು ಕಡೆ ತಲೆಯಾಡಿಸಿದರು. ಮೂರನೆಯ ಅಂಗಡಿಯವರು ಪ್ರದರ್ಶನಕ್ಕಿಟ್ಟಿದ್ದ ಲ್ಯಾಪ್‌ಟಾಪನ್ನೇ ಮುಂದೆ ತಳ್ಳಿ, "ನೋಡ್ಕೊಳ್ಳಿ ಮೇಷ್ಟ್ರೇ" ಎಂದರು. ಮೊದಲನೆಯ ಯಂತ್ರದಲ್ಲಿ ವೈಫೈ ಉಸಿರೆತ್ತಲಿಲ್ಲ. ಎರಡನೆಯದರಲ್ಲಿ ಬೆರಳಚ್ಚು ಗುರುತಿಸುವ ಗುಂಡಿಯೊಂದನ್ನು ಬಿಟ್ಟು ಉಳಿದುದೆಲ್ಲ ನಡೆಯಿತು. ಅದರಲ್ಲಿ ಇನ್ನೊಂದು ಎಸ್‌ಎಸ್‌ಡಿಗೂ ಹೆಚ್ಚುವರಿ ರ‍್ಯಾಮಿಗೂ ಖಾಲಿ ಜಾಗವಿತ್ತು. ಅದನ್ನೇ ಆರಿಸಿದೆವು.

ಖಾಲಿ ಜಾಗಕ್ಕೆ ಎರಡನೆಯ ಎಸ್‌ಎಸ್‌ಡಿಯನ್ನು ಅಂಗಡಿಯಲ್ಲೇ ಹಾಕಿಸಿ, ಲಿನಕ್ಸನ್ನು ಅದರಲ್ಲಿ ಇಳಿಸಿದೆವು. ಒಂದೇ ಡಿಸ್ಕನ್ನು ಸೀಳಿ ಎರಡಕ್ಕೂ ಕೊಡಬಹುದಾದರೂ, ಅಣ್ಣತಮ್ಮಂದಿರಿಗೆ ಬೇರೆ ಬೇರೆ ಒಲೆಯಿದ್ದರೆ ಜಗಳ ಕಡಿಮೆ. ಇಲ್ಲೊಂದು ಸೂಕ್ಷ್ಮವಿದೆ. ಲಿನಕ್ಸ್ ಹಾಕುವವರಿಗೆ ಸೆಕ್ಯೂರ್ ಬೂಟ್ ಎಂಬ ಬೀಗವನ್ನು ತೆಗೆದುಬಿಡಿ ಎಂದು ಸಲಹೆ ಕೊಡುವ ರೂಢಿಯಿದೆ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಆ ಬೀಗ ಇರಲೇಬೇಕು. ಬೀಗವಿದ್ದರೂ ಒಳಗೆ ಬರಲು ಬೇಕಾದ ಸಹಿ ಉಬುಂಟುವಿಗಿದೆ, ಅದು ಒದಗಿಸುವ ಎನ್‌ವಿಡಿಯಾ ಚಾಲಕಕ್ಕೂ ಇದೆ. ಮಿಂಟ್ ಬಿಟ್ಟು ಉಬುಂಟುವನ್ನೇ ಹಾಕಿದ್ದು ಈ ಖಾತರಿಗಾಗಿ. ವಿಂಡೋಸಿನ ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆಯಿದ್ದರೆ, ಇಂಥ ಕೆಲಸ ಮಾಡುವಾಗ ಅದು ಅನುಮಾನಗೊಂಡು 48 ಅಂಕಿಗಳ ಕೀಲಿಯನ್ನು ಕೇಳುವುದುಂಟು. ಅದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ನಮ್ಮದು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿದೆ.

ಹಾಸ್ಟೆಲಿಗೆ ಹೋದ ಮೂರನೆಯ ದಿನ ಮೊಮ್ಮಗಳ ದೂರವಾಣಿ ಬಂದಿತು. "ತಾತ, ಲಿನಕ್ಸಲ್ಲಿ ಕೆಲಸ ಮುಗಿಸಿ ವಿಂಡೋಸಿಗೆ ಬಂದರೆ ಗಡಿಯಾರ ಹಿಂದಕ್ಕೆ ಹೋಗಿರುತ್ತೆ. ಈಗ ರಾತ್ರಿ ಒಂಬತ್ತು, ಇದು ಮಧ್ಯಾಹ್ನ ಮೂರೂವರೆ ಅನ್ನುತ್ತೆ."

"ವ್ಯತ್ಯಾಸ ಎಷ್ಟಾಯಿತು?"

"ಐದೂವರೆ ಗಂಟೆ."

"ಎಂಟನೆಯ ತರಗತಿಯಲ್ಲಿ ನಾನು ನಿನಗೆ ಗ್ಲೋಬು ತಿರುಗಿಸಿ ತೋರಿಸಿದ್ದೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಗ್ರೀನಿಚ್!" ಎಂದು ಕೂಗಿದಳು. ಲಿನಕ್ಸ್ ಯಂತ್ರದ ಒಳಗಿನ ಗಡಿಯಾರವನ್ನು ಗ್ರೀನಿಚ್ಚಿನ ಹೊತ್ತಿಗೆ ಇಡುತ್ತದೆ. ವಿಂಡೋಸ್ ಅದೇ ಗಡಿಯಾರವನ್ನು ನಮ್ಮ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಹೊತ್ತೆಂದು ಓದುತ್ತದೆ. ಲಿನಕ್ಸಿನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಎರಡೂ ಹೊಂದಿಕೊಳ್ಳುತ್ತವೆ. ಅದನ್ನು ನಾನು ಹೇಳಿಕೊಡಲಿಲ್ಲ, ಅವಳೇ ಹುಡುಕಿಕೊಂಡಳು. ಶನಿವಾರ ರಾತ್ರಿ ಒಂಬತ್ತಕ್ಕೆ ಗೆಳತಿಯರು ಸೇರುವ ಹೊತ್ತಿಗೆ ಗಡಿಯಾರ ಸರಿಯಾಗಿತ್ತು.